ಗಲ್ಫ್ ಅನುಭವ

ಜುಲೈ ಹದಿನೇಳಕ್ಕೆ ಕಾರಿನ ಸ್ಟೀರಿಯೊ ಸತ್ತಿತು.
ಒಮ್ಮೆಗೇ ಅಲ್ಲ. ಮೊದಲು ಪರದೆಯ ಮೂಲೆಯಲ್ಲಿ
ಶಾಯಿ ಚೆಲ್ಲಿದ ಹಾಗೆ ಕಪ್ಪು,
ಆಮೇಲೆ ದನಿಯ ಗುಂಡಿ ಪಾಕವಾಗಿ
ಬೆರಳಿಗೇ ಅಂಟಿಕೊಂಡು ಬಂತು.
ಕೊನೆಕೊನೆಗೆ ಬೆಳಗಿನ ನಾಲ್ಕರಿಂದ ಆರರವರೆಗೆ ಮಾತ್ರ ಮಾತು,
ನಾನು ನೋಡಿಕೊಳ್ಳುವ ಕೆಲವು ಮುದುಕಿಯರ ಹಾಗೆ.

ನಾನು ಮನೆಮನೆಗೆ ಹೋಗುವ ನರ್ಸು.
ಸಾಲ್ಮಿಯಾದಲ್ಲಿ ಗಾಯ ತೊಳೆದು, ಜಾಬ್ರಿಯಾದಲ್ಲಿ ಕೊಳವೆ ಬದಲಿಸಿ
ಬರುವಷ್ಟರಲ್ಲಿ, ನೆರಳಿಲ್ಲದೆ ನಿಂತ ಕಾರಿನ ಸ್ಟೀರಿಂಗು
ಒದ್ದೆ ಟವೆಲ್ಲಿಲ್ಲದೆ ಹಿಡಿಯಗೊಡುವುದಿಲ್ಲ.
ಬೆಲ್ಟಿನ ಕೊಕ್ಕೆ ತಾಗಿದ ಕಲೆ ಬಲ ಮೊಣಕೈಯಲ್ಲಿ ಇನ್ನೂ ಇದೆ.
ಒಮ್ಮೆ ಡ್ಯಾಶ್‌ಬೋರ್ಡಿನ ಮೇಲೆ ಮರೆತುಬಿಟ್ಟ ಜ್ವರದ ಕಡ್ಡಿ
ಅಂಕಿ ಬಿಟ್ಟು ಬರೀ ಒಂದು ಗೆರೆ ತೋರಿಸಿತು.
ಮನುಷ್ಯರಿಗೆಂದು ಮಾಡಿದ್ದು, ಪಾಪ.

ಶುವೈಖಿನ ಮೊದಲ ಅಂಗಡಿಯ ಹುಡುಗ
ತಟ್ಟೆಯಗಲದ ಪರದೆ ತೋರಿಸಿದ. ಮುಟ್ಟಿದರೆ ಸಾಕಂತೆ,
ನಕ್ಷೆ, ಸಿನಿಮಾ, ಹಿಂದಿನ ಕ್ಯಾಮೆರಾ.
'ಆಗಸ್ಟು ತಡೆಯುತ್ತದಾ?' ಎಂದೆ.
'ವಾರಂಟಿ ಇದೆ' ಎಂದ.
ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಗಲ್ಲಿಯ ತುದಿಯಲ್ಲಿ ದಾದ್‌ಕರೀಂ, ಬಲೂಚಿ ಮುದುಕ,
ಹರಕು ಕುರ್ಚಿ, ನೆಲದ ತುಂಬ ತಂತಿ.
'ಡಬ್ಬಿಯ ಮೇಲೆ ಅರವತ್ತು ಡಿಗ್ರಿ ಅಂತ ಬರೆದಿರುತ್ತಾರೆ,
ಬರೆದವನು ಏಸಿಯಲ್ಲಿ ಕೂತಿದ್ದ' ಎಂದು
ನನ್ನನ್ನು ಹಿತ್ತಲಿಗೆ ಕರೆದೊಯ್ದ.

ಅಲ್ಲಿ ಇಟ್ಟಿಗೆಗಳ ಮೇಲೆ ಒಂದು ಕಾರು.
ಇಂಜಿನ್ನಿಲ್ಲ, ಚಕ್ರವಿಲ್ಲ, ಗಾಜುಗಳು ಮಾತ್ರ ಬಿಗಿಯಾಗಿ ಏರಿಸಿವೆ.
ಒಳಗೆ ಹನ್ನೊಂದು ಸ್ಟೀರಿಯೊ ಸಾಲಾಗಿ,
ಒಂದೇ ಬ್ಯಾಟರಿಯಿಂದ ಎಲ್ಲಕ್ಕೂ ತಂತಿ.
'ಹೋದ ವರ್ಷದ ಮೇ ತಿಂಗಳಿಂದ ಹೀಗೇ ಇಟ್ಟಿದ್ದೇನೆ.'

ಬಾಗಿಲು ತೆರೆದಾಗ ಬಡಿದ ಝಳಕ್ಕೆ ಕಣ್ಣು ಒಣಗಿತು.
ರೌಂಡ್ಸಿಗೆ ಬಂದವಳಂತೆ ಒಂದೊಂದರ ಮೇಲೂ
ಅಂಗೈ ಮಗುಚಿ ಇಟ್ಟು ನೋಡಿದೆ.
ಐದು ಸತ್ತಿದ್ದವು. ಮೂರು ತೊದಲುತ್ತಿದ್ದವು.
ಒಂದಕ್ಕೆ ಭ್ರಮೆ, ಯಾರೂ ಮುಟ್ಟದೆ
ಬಸ್ರಾದಿಂದ ಬಹರೇನಿಗೆ ಸ್ಟೇಷನ್ ಬದಲಿಸುತ್ತಿತ್ತು.
ಉಳಿದ ಎರಡರಲ್ಲಿ ಒಂದು ನನ್ನ ಕೈಗೆ ಬಂತು:
ಪರದೆಯಿಲ್ಲ, ನಾಲ್ಕು ಗುಂಡಿ, ತಿರುಗಿಸಲು ಒಂದು ಚಕ್ರ,
ಬೆನ್ನಿಗೆ ಅಲ್ಯುಮಿನಿಯಮ್ಮಿನ ಪಕ್ಕೆಲುಬು. ಭಾರ.
ಕರಿ ಮುಖ ಬಿಸಿಲಿಗೆ ಚಹಾದ ಬಣ್ಣಕ್ಕೆ ತಿರುಗಿತ್ತು.

'ಹೊಸದು ಹದಿನೆಂಟು ದಿನಾರು. ಇದು ಇಪ್ಪತ್ತೆರಡು.'
'ಹಳೆಯದಕ್ಕೆ ಹೆಚ್ಚೇ?'
'ಇಲ್ಲಿಯ ಬೇಸಿಗೆ ಮುಗಿಸಿದೆಯಲ್ಲ.'

ಹನ್ನೆರಡು ವರ್ಷದ ಹಿಂದೆ, ಮಂಗಳೂರಿನ ಹೋಟೆಲೊಂದರ ಕೋಣೆಯಲ್ಲಿ
ಟೈ ಕಟ್ಟಿದವನೊಬ್ಬ ನನ್ನ ಸರ್ಟಿಫಿಕೇಟು ಮಗುಚುತ್ತ
ತಲೆಯೆತ್ತದೆ ಕೇಳಿದ್ದ: 'ಗಲ್ಫ್ ಅನುಭವ ಇದೆಯಾ?'
ಇರಲಿಲ್ಲ.
ನಲವತ್ತು ದಿನಾರು ಕಡಿಮೆಗೆ ಸಹಿ ಹಾಕಿದ್ದೆ.

ಮೀನಿನ ಮಾರ್ಕೆಟ್ಟಿನಲ್ಲಿ ನೂರು ಫಿಲ್ಸಿಗೆ ಜಗಳ ತೆಗೆಯುವವಳು
ಚೌಕಾಸಿ ಮಾಡದೆ ನೋಟು ಎಣಿಸಿ ಕೊಟ್ಟೆ.

ಹಳೆಯದನ್ನು ಕೀಳುವಾಗ ಅದರ ಹೊಟ್ಟೆಯಿಂದ
ಹಪ್ಪಳದಂತೆ ಸೊಟ್ಟಗಾದ ಒಂದು ಡಿಸ್ಕು ಬಿತ್ತು.
ಮೂವತ್ತು ದಿನದಲ್ಲಿ ಅರಬಿ.
ಮೊದಲ ವರ್ಷ ಕೊಂಡದ್ದು, ಒಂದು ಕಾರಿನಿಂದ ಇನ್ನೊಂದಕ್ಕೆ ಸಾಗಿಸಿದ್ದು,
ಏಳನೇ ಪಾಠಕ್ಕೆ ಸಿಕ್ಕಿಕೊಂಡು ಹೊರಗೆ ಬಂದಿರಲಿಲ್ಲ.
ಏಳನೆಯದು 'ಎಲ್ಲಿ ನೋವು?'
ಅದರಾಚೆಯದನ್ನೆಲ್ಲ ರೋಗಿಗಳೇ ಕಲಿಸಿದರು,
ಬೈಗುಳ ಸಮೇತ.

ಕೊನೆಯ ತಿರುಪು ಬಿಗಿದು ದಾದ್‌ಕರೀಂ ಎದ್ದ,
ಮೊಣಕಾಲು ಹಿಡಿದುಕೊಂಡ. ಎಡದ್ದು. ಸವೆದಿದೆ, ನೋಡಿದರೇ ಗೊತ್ತಾಗುತ್ತದೆ.
'ನಿಲ್ಲಿಸುವಾಗ ಮೇಲೊಂದು ಬಟ್ಟೆ ಹಾಕು,
ಗಟ್ಟಿ ಅಂತ ಸುಮ್ಮಸುಮ್ಮನೆ ಸುಡಬೇಡ.'

ಗಡಿಯಾರ ಹೊಂದಿಸು ಎಂದು ಹನ್ನೆರಡು ಸೊನ್ನೆ ಸೊನ್ನೆ
ದಾರಿಯುದ್ದಕ್ಕೂ ಮಿನುಗುತ್ತಿತ್ತು.
ಹಾಗೇ ಬಿಟ್ಟೆ. ಫಹಾಹೀಲಿನಲ್ಲಿ ಉಮ್ಮ್ ಜಾಸಿಂ ಊಟಕ್ಕೆ ಕೂತಿರುತ್ತಾಳೆ,
ಅದಕ್ಕೆ ಮೊದಲು ಸಕ್ಕರೆ ನೋಡಬೇಕು.